ಎಚ್ಚರಿಕೆ ತಲುಪಿತ್ತು, ಪದ ಅರ್ಥವಾಗಲಿಲ್ಲ

ವೀಣಾ: 2013ರ ನವೆಂಬರಿನಲ್ಲಿ ಫಿಲಿಪೀನ್ಸಿಗೆ ಹೈಯಾನ್ ಚಂಡಮಾರುತ ಅಪ್ಪಳಿಸಿತು. 6,000ಕ್ಕೂ ಜಾಸ್ತಿ ಜನ ಸತ್ತರು. ಎಚ್ಚರಿಕೆ ಕೊಟ್ಟೇ ಇದ್ದರು, 'ಸ್ಟಾರ್ಮ್ ಸರ್ಜ್' (ಚಂಡಮಾರುತದ ಗಾಳಿಗೆ ಉಕ್ಕಿ ಒಳನುಗ್ಗುವ ಸಮುದ್ರದ ನೀರು) ಬರುತ್ತೆ ಅಂತ. ಅಲ್ಲಿನ ಟಕ್ಲೋಬಾನ್ ನಗರದ ಎಷ್ಟೋ ಜನಕ್ಕೆ ಹಾಗಂದರೆ ಏನು ಅಂತಲೇ ಗೊತ್ತಿರಲಿಲ್ಲ. ಮನೆಯಲ್ಲೇ ಉಳಿದರು. ಸಮುದ್ರ ಒಳಗೆ ನುಗ್ಗಿತು. 'ಸುನಾಮಿ ತರಹ ನೀರು ಬರುತ್ತೆ, ಓಡಿ' ಅಂದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು!

ಪ್ರಕಾಶ್: ಸುನಾಮಿನಾ? ಅದು ಹೆಚ್ಚಾಗಿ ಏಳುವುದು ಸಮುದ್ರದಡಿ ಭೂಕಂಪ ಆದಾಗ. ಇದು ಗಾಳಿ ತಳ್ಳಿಕೊಂಡು ಬಂದ ನೀರು. ಎಚ್ಚರಿಕೆಯಲ್ಲೇ ತಪ್ಪು ಪದ ಹಾಕಿದರೆ ಮುಂದಿನ ಸಲ ಯಾರು ನಂಬುತ್ತಾರೆ?

ವೀಣಾ: 'ತರಹ' ಅಂತ ಬರೆದಿದ್ದೀನಿ, ಸರಿಯಾಗಿ ಓದಿ. ನೀರು ತಳ್ಳಿದ್ದು ಗಾಳಿಯೋ ಭೂಮಿಯೋ ಅನ್ನೋದು ಮುಳುಗುವವನಿಗೆ ಯಾಕೆ ಬೇಕು?

ಹರೀಶ: 'ಯಾರು ನಂಬುತ್ತಾರೆ', ಇದೇ ನೋಡಿ ಅಸಲು ವಿಷಯ. 2018ರ ಜನವರಿಯಲ್ಲಿ ಹವಾಯಿ ಜನರ ಫೋನುಗಳಿಗೆ ಸುಳ್ಳು ಎಚ್ಚರಿಕೆ ಹೋಯಿತು. ಅದು ಸುಳ್ಳು ಅಂತ ಮತ್ತೆ ಮೆಸೇಜು ಬರೋಕೆ 38 ನಿಮಿಷ ಹಿಡಿಯಿತು.

ಪ್ರಕಾಶ್: ಅದು ಕ್ಷಿಪಣಿ ಎಚ್ಚರಿಕೆ ಹರೀಶ್. ಇಲ್ಲಿ ಮಾತು ಪ್ರಕೃತಿ ವಿಕೋಪದ್ದು.

ಹರೀಶ: ನಿಮ್ಮ ಮಾತಿಗೇ ಬೆಂಬಲ ಕೊಟ್ಟೆನಲ್ಲ ಸ್ವಾಮಿ!

ಸಲ್ಮಾ: ಒಂದು ಪದ ಏನು ಮಾಡುತ್ತೆ ಅಂತ ನೋಡಬೇಕಾದರೆ ಇಂಡೋನೇಷ್ಯಾದ ಸಿಮೆಲು ದ್ವೀಪ ನೋಡಿ. 1907ರ ಸುನಾಮಿ ಆದಮೇಲೆ ಅಲ್ಲಿನ ಹಿರಿಯರು 'ಸ್ಮಾಂಗ್' (ಅವರ ಮಾತಿನಲ್ಲಿ ಸುನಾಮಿ) ಅನ್ನೋ ಪದವನ್ನು ಮಕ್ಕಳಿಗೆ ಹೇಳುತ್ತಾ ಬಂದರು. ಭೂಮಿ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡ ಹತ್ತಬೇಕು. 2004ರಲ್ಲಿ ಆ ಕೂಗು ಕೇಳಿ ಊರಿಗೆ ಊರೇ ಓಡಿತು. ಸತ್ತವರು ಬೆರಳೆಣಿಕೆಯಷ್ಟು.

ಪ್ರಕಾಶ್: 'ಭೂಮಿ ನಡುಗಿ' ಅಂತ ನೀವೇ ಹೇಳಿದಿರಿ. ಟಕ್ಲೋಬಾನಿನಲ್ಲಿ ಭೂಮಿ ನಡುಗಲೇ ಇಲ್ಲ. ಸುನಾಮಿ ಅಂದಿದ್ದರೆ ಜನ ನಡುಕಕ್ಕೆ ಕಾಯುತ್ತಾ ಕೂತಿರುತ್ತಿದ್ದರು.

ವೀಣಾ: ಕಾಯುತ್ತಾ ಕೂರುತ್ತಿದ್ದರಾ? ನಮಗೆ ಸುನಾಮಿ ಅಂದಿದ್ದರೆ ಓಡುತ್ತಿದ್ದೆವು ಅಂತ ಬದುಕುಳಿದವರೇ ಹೇಳಿದ್ದಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?

ರಾಘು: ನಾನು ಪ್ರವಾಹದಲ್ಲಿ ದೋಣಿ ಮೇಲೆ ಕೆಲಸ ಮಾಡಿದವನು. ಒಂದು ರಾತ್ರಿ ಮಹಡಿ ಮೇಲೆ ಅಜ್ಜಿಯೊಬ್ಬರು ನಿಂತಿದ್ದರು. ಮೆಗಾಫೋನಿನಲ್ಲಿ 'ಕೆಳಗೆ ಬನ್ನಿ' ಅಂತ ಹತ್ತು ಸಲ ಕೂಗಿದೆವು. ಅವರು ಸುಮ್ನೆ ಕೈ ಬೀಸುತ್ತಿದ್ದರು. ಹಟ ಮಾಡುತ್ತಿದ್ದಾರೆ ಅಂತ ನನಗೆ ಸಿಟ್ಟೇ ಬಂತು. ಆಮೇಲೆ ಹೊಳೆಯಿತು, ಅವರಿಗೆ ಕಿವಿ ಕೇಳಿಸಲ್ಲ. ನಮ್ಮ ಟಾರ್ಚು ಅವರ ಕಣ್ಣಿಗೇ ಹೊಡೆಯುತ್ತಿತ್ತು, ನಮ್ಮ ತುಟಿ ಕಾಣಬೇಕಲ್ಲ. ಟಾರ್ಚು ನನ್ನ ಮುಖಕ್ಕೆ ತಿರುಗಿಸಿಕೊಂಡು ಮೆಲ್ಲಗೆ ಹೇಳಿದೆ. ತಕ್ಷಣ ಇಳಿದು ಬಂದರು.

ಹರೀಶ: ಮೆಗಾಫೋನ್ ದೋಣಿಯ ಮೋಟಾರಿನ ಸದ್ದಲ್ಲಿ ಯಾರಿಗೂ ಕೇಳಿಸಲ್ಲ ಬಿಡಿ.

ವೀಣಾ: ಪ್ರಕಾಶ್, ಉತ್ತರ ಕೊಡಿ. ಜಪಾನಿನಲ್ಲಿ 'ತೆರವಿನ ಸಲಹೆ', 'ತೆರವಿನ ಆದೇಶ' ಅಂತ ಎರಡಿದ್ದವು. ಜನ ಗೊಂದಲಕ್ಕೆ ಬಿದ್ದು ತಡ ಮಾಡುತ್ತಿದ್ದರು. 2021ರ ಮೇ ತಿಂಗಳಲ್ಲಿ 'ಸಲಹೆ'ಯನ್ನೇ ಕಿತ್ತುಹಾಕಿದರು. ಪದ ಬದಲಾಯಿಸೋದು ಅಪರಾಧವಾ?

ಪ್ರಕಾಶ್: ಕಿತ್ತುಹಾಕಿದರು, ಸರಿ. ಅದರ ಜಾಗದಲ್ಲಿ ಸುಳ್ಳು ಪದ ಹಾಕಲಿಲ್ಲವಲ್ಲ? ಟಕ್ಲೋಬಾನಿನಲ್ಲಿ ಜನ ಆಶ್ರಯ ಪಡೆದ ಕೆಲವು ಕೇಂದ್ರಗಳಿಗೇ ನೀರು ನುಗ್ಗಿತು. ಅದಕ್ಕೂ ಪದವೇ ಕಾರಣವಾ?

ವೀಣಾ: 'ಸುಳ್ಳು' ಅಂತ ಮೂರು ಸಲ ಹೇಳಿದರೆ ನಿಜ ಆಗಲ್ಲ. 'ತರಹ', ಪ್ರಕಾಶ್, 'ತರಹ'!

ಸಲ್ಮಾ: ಸ್ಮಾಂಗ್ ಬಗ್ಗೆ ಯಾರೂ ಪೂರ್ತಿ ಓದಲೇ ಇಲ್ಲ ಅನಿಸುತ್ತೆ.

ರಾಘು: ನೀವು ಸರ್ಜ್ ಅನ್ನಿ, ಸುನಾಮಿ ಅನ್ನಿ, ಆ ಅಜ್ಜಿಗೆ ಎರಡೂ ಕೇಳಿಸುತ್ತಿರಲಿಲ್ಲ. ಅಂಥವರಿಗೆ ಏನು ಮಾಡ್ತೀರಿ, ಹೇಳಿ.

ಪ್ರಕಾಶ್: ಅದು ಬೇರೆ ವಿಷಯ ರಾಘು, ಪ್ರತ್ಯೇಕವಾಗಿ ಮಾತಾಡೋಣ. ವೀಣಾ ಅವರೇ, ಚಂಡಮಾರುತಕ್ಕೆ ಸುನಾಮಿ ಅಂದ ಮೇಲೆ ನಿಜವಾದ ಸುನಾಮಿ ಬಂದ ದಿನ ಏನಂತ ಕೂಗ್ತೀರಿ?