ಅಂಬಾಸಿಡರ್‌ಗೆ ಹೆಡರ್: ಎಷ್ಟು ದಪ್ಪದ ಪೈಪ್ ಹಾಕಿಸಲಿ?

ಪ್ರಶ್ನೆ: ನನ್ನದು ಹಳೇ ಅಂಬಾಸಿಡರ್, 1489 ಸಿಸಿ ಪೆಟ್ರೋಲ್. ಎಂಜಿನ್ ಬಿಚ್ಚಿದ್ದೇನೆ, ಜೊತೆಗೇ ಹೊಗೆ ಹೊರಹೋಗುವ ಬೀಡಿನ ಮ್ಯಾನಿಫೋಲ್ಡ್ ತೆಗೆದು, ಅದರ ಜಾಗಕ್ಕೆ ಬೇರೆ ಬೇರೆ ಉಕ್ಕಿನ ಪೈಪುಗಳನ್ನು ಸೇರಿಸಿ ಮಾಡಿದ ಹೆಡರ್ ಹಾಕಿಸುವ ಆಸೆ. ಅಮೆರಿಕದ ವಿಡಿಯೊಗಳಲ್ಲಿ 1⅝ ಇಂಚು, 1¾ ಇಂಚು ಅಂತಾರೆ. ಇಲ್ಲಿ ಸೈಲೆನ್ಸರ್ ಅಂಗಡಿಯವರು ಎಲ್ಲಾ ಪೈಪೂ ಒಂದೂವರೆ ಇಂಚು ಇರಲಿ, ದಪ್ಪ ಇದ್ದಷ್ಟೂ ಒಳ್ಳೇದು ಅಂತಾರೆ. ಬೆಂಗಳೂರಿನೊಳಗೆ ಓಡಾಟ, ಆಗಾಗ ಮಡಿಕೇರಿ ಕಡೆ. ಹಾಕಿಸಿದವರು ಹೇಳಿ.

ಉತ್ತರ: ಸಾರ್, ಆ ವಿಡಿಯೊಗಳನ್ನು ಪಕ್ಕಕ್ಕಿಡಿ. ಅವರು ಮಾತಾಡುವುದು ಷೆವರ್ಲೆ 350 ವಿ8 ಬಗ್ಗೆ. ಅದರ ಒಂದೊಂದು ಸಿಲಿಂಡರ್ ಸುಮಾರು 716 ಸಿಸಿ. ನಮ್ಮದು 372. ಅಳತೆ ಅಲ್ಲಿಂದ ತರಬೇಡಿ, ಲೆಕ್ಕದ ರೀತಿ ಮಾತ್ರ ತನ್ನಿ.

ಲೆಕ್ಕ ಸುಲಭ. ಪೈಪಿನ ಬಾಯಿಯ ಒಳ ವಿಸ್ತೀರ್ಣವನ್ನು (ಅಡ್ಡಕೊಯ್ತ) ಚದರ ಮಿ.ಮೀ.ನಲ್ಲಿ ತೆಗೆದುಕೊಂಡು 2240ರಿಂದ ಗುಣಿಸಿ, ಒಂದು ಸಿಲಿಂಡರಿನ ಸಿಸಿಯಿಂದ ಭಾಗಿಸಿ. ಆ ಪೈಪ್ ಯಾವ ಆರ್‌ಪಿಎಂನಲ್ಲಿ ಟಾರ್ಕಿಗೆ (ಎಂಜಿನ್ನಿನ ತಿರುಗಿಸುವ ಬಲಕ್ಕೆ) ಹೆಚ್ಚು ನೆರವಾಗುತ್ತದೆ ಎಂಬ ಅಂದಾಜು ಸಿಗುತ್ತದೆ. 16 ಗೇಜಿನ (ತಗಡಿನ ದಪ್ಪ ಸುಮಾರು 1.6 ಮಿ.ಮೀ.) 1½ ಇಂಚು ಪೈಪಿನ ಒಳ ವ್ಯಾಸ ಸುಮಾರು 35 ಮಿ.ಮೀ. ಲೆಕ್ಕ ಹಾಕಿದರೆ 5700 ದಾಟುತ್ತದೆ. ಅಂಬಾಸಿಡರ್ ಅಷ್ಟು ಸುತ್ತುವುದು ಯಾವಾಗ ಹೇಳಿ! 1¼ ಇಂಚಿಗೆ ಸುಮಾರು 3850 ಬರುತ್ತದೆ. ನಿಮ್ಮ ಓಡಾಟಕ್ಕೆ ಅದೇ ಜಾಸ್ತಿ. ಪೈಪ್ ದಪ್ಪವಾದರೆ ಹೊಗೆಯ ವೇಗ ಇಳಿಯುತ್ತದೆ, ಸಿಲಿಂಡರಿನಿಂದ ಎಳೆದುಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಕಾರಿಗೆ ಸದ್ದು ಬರುತ್ತದೆ, ಪಿಕಪ್ ಹೋಗುತ್ತದೆ.

ಇನ್ನೊಬ್ಬರು: ಮೇಲಿನವರ ಲೆಕ್ಕ ಸರಿ, ಆದರೆ ಈ ಎಂಜಿನ್ನಿನ ಒಂದು ವಿಶೇಷ ಬಿಟ್ಟುಹೋಗಿದೆ. ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಯ ಎಂಜಿನ್. ಬ್ರಿಟನ್ನಿನ ಎಂಜಿಎ ಸ್ಪೋರ್ಟ್ಸ್ ಕಾರಿಗೆ ಶುರುವಿನಲ್ಲಿ ಹಾಕಿದ್ದೂ ಇದೇ 1489 ಸಿಸಿ. ನಾಲ್ಕು ಸಿಲಿಂಡರ್ ಇದ್ದರೂ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಬರುವ ಕಿಂಡಿ) ಮೂರೇ. 2 ಮತ್ತು 3ನೇ ಸಿಲಿಂಡರುಗಳು ನಡುವಿನ ಪೋರ್ಟನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ನಾಲ್ಕು ಪೈಪಿನ ಹೆಡರ್ ಇದಕ್ಕೆ ಕೂರುವುದೇ ಇಲ್ಲ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2 ಅಲ್ವಾ? 3ಕ್ಕೂ 2ಕ್ಕೂ ನಡುವೆ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತು ಇದೆ. ಹಾಗಾಗಿ ಒಂದೇ ಪೋರ್ಟಾದರೂ ಅವು ಒಂದಕ್ಕೊಂದು ಅಡ್ಡ ಬರುವುದಿಲ್ಲ. 1 ಮತ್ತು 4 ಕೂಡ ಹಾಗೇ. ಆದ್ದರಿಂದ ಹೊರಗಿನ ಎರಡು ಪೈಪುಗಳನ್ನು ಮೊದಲು ಸೇರಿಸಿ, ನಡುವಿನದನ್ನು ಉದ್ದಕ್ಕೆ ಕೆಳಗೆ ತಂದು ಆಮೇಲೆ ಸೇರಿಸುತ್ತಾರೆ. ಇಂಗ್ಲೆಂಡಿನಲ್ಲಿ ಇದಕ್ಕೆ ಲಾಂಗ್ ಸೆಂಟರ್ ಬ್ರಾಂಚ್ ಎನ್ನುತ್ತಾರೆ. ನನ್ನ ಕಾರಿನಲ್ಲಿ ಹೊರಗಿನವು 1¼, ನಡುವಿನದು 1½, ಸೇರಿದ ಮೇಲೆ ಹಿಂದಿನವರೆಗೂ 1¾. ಟಾಪ್ ಸ್ಪೀಡ್ ಏನೂ ಏರಲಿಲ್ಲ. ಘಾಟಿಯಲ್ಲಿ ಮೂರನೇ ಗೇರ್ ಮೊದಲಿಗಿಂತ ಚೆನ್ನಾಗಿ ಎಳೆಯುತ್ತದೆ, ನನಗೆ ಬೇಕಿದ್ದದ್ದೂ ಅಷ್ಟೇ.

ಬೆಂಡ್ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ತಿರುವಿನಲ್ಲಿ ಪೈಪ್ ಚಪ್ಪಟೆಯಾದರೆ ಅಳತೆ ಹಾಕಿದ್ದೆಲ್ಲ ವ್ಯರ್ಥ.

ಮತ್ತೊಬ್ಬರು: ಗುರುಗಳೇ, ಪೈಪಿನ ಅಳತೆಗಿಂತ ಹೆಚ್ಚು ತಲೆನೋವು ಕೊಡುವುದು ಫ್ಲ್ಯಾಂಜು, ಅಂದರೆ ಹೆಡರನ್ನು ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಪಟ್ಟಿ. ಇನ್‌ಲೆಟ್ (ಕಾರ್ಬುರೇಟರಿನಿಂದ ಗಾಳಿ-ಪೆಟ್ರೋಲ್ ಒಳತರುವ ಮ್ಯಾನಿಫೋಲ್ಡ್), ಎಕ್ಸಾಸ್ಟ್ ಎರಡೂ ಎಂಜಿನ್ನಿನ ಒಂದೇ ಕಡೆ ಇವೆ, ಕೆಲವು ಸ್ಟಡ್‌ಗಳ ದಪ್ಪ ವಾಷರ್ ಎರಡನ್ನೂ ಒಟ್ಟಿಗೆ ಅದುಮುತ್ತದೆ. ಹೆಡರಿನ ಫ್ಲ್ಯಾಂಜ್ ಇನ್‌ಲೆಟ್ಟಿನ ಫ್ಲ್ಯಾಂಜಿನಷ್ಟೇ ದಪ್ಪ ಇರಬೇಕು. ಕಡಿಮೆಯಾದರೆ ವಾಷರ್ ಓರೆಯಾಗಿ ಕೂತು ಲೀಕ್ ಶುರು. ಎಷ್ಟೇ ಗ್ಯಾಸ್ಕೆಟ್ ಬದಲಿಸಿದರೂ ನಿಲ್ಲುವುದಿಲ್ಲ.

ಹಳೇ ಮ್ಯಾನಿಫೋಲ್ಡ್ ಇನ್‌ಲೆಟ್ಟಿಗೆ ಬಿಸಿ ಕೊಡುತ್ತಿತ್ತು, ಅದು ಹೋಗುತ್ತದೆ. ಮಡಿಕೇರಿಯ ಚಳಿಯಲ್ಲಿ ಬೆಳಿಗ್ಗೆ ಚೋಕ್ ಸ್ವಲ್ಪ ಹೆಚ್ಚು ಹೊತ್ತು ಬೇಕಾಗಬಹುದು. ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಇದರ ಉಲ್ಟಾ: ತೆಳು ಪೈಪಿನ ಕಾವು ನೇರ ಕಾರ್ಬುರೇಟರಿಗೆ ತಗಲುತ್ತದೆ. ನಡುವೆ ಒಂದು ತಗಡಿನ ಮರೆ ಕೊಡಿಸಿ. ಹೆಡರ್ ಹಾಕಿ ಸ್ವಲ್ಪ ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಾರ್ಬುರೇಟರಿನೊಳಗೆ ಪೆಟ್ರೋಲ್ ಬಿಡುವ ಜೆಟ್ ಬದಲಿಸಬೇಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ 1¼, ನಡುವೆ 1½. ಎಂಜಿಎ ನಂತರ ಬಂದ ಎಂಜಿಬಿ ಕಾರಿಗೆ ಮಾಡಿದ ರೆಡಿ ಹೆಡರ್ ತರಿಸಿದರೆ ಹೇಗೆ?

ಎರಡನೆಯವರು: ಅದೂ ಬಿ ಸರಣಿಯೇ, ಆದರೆ 1798 ಸಿಸಿ, ಬೇರೆ ಬಾಡಿ. ಪೋರ್ಟಿನ ಹತ್ತಿರ ಕೂತರೂ ಕೆಳಗೆ ಪೈಪ್ ಹೋಗುವ ದಾರಿ ಬೇರೆ. ಕತ್ತರಿಸಿ ಮತ್ತೆ ವೆಲ್ಡ್ ಮಾಡುವುದೇ ಆದರೆ ಇಲ್ಲೇ ಮಾಡಿಸಿ. ಕೊನೆಯ ವೆಲ್ಡಿಂಗಿಗೆ ಮೊದಲು ಕಾರನ್ನು ನೆಲಕ್ಕಿಳಿಸಿ, ಹಿಂದೆ ಮೂರು ಜನರನ್ನು ಕೂರಿಸಿ ಕೆಳಗೆ ಎಷ್ಟು ಜಾಗ ಉಳಿಯಿತು ಅಂತ ಅಳೆಯಿರಿ. ನಮ್ಮ ಹಂಪುಗಳು ಗೊತ್ತಲ್ಲ.