ಶಾಲೆಗೆ ಒಂದೇ ಕಾರಿನಲ್ಲಿ ಮಕ್ಕಳು: ನಿವೃತ್ತ ಬ್ರೇಕ್ ಇನ್ಸ್‌ಪೆಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮೂರ್ನಾಲ್ಕು ಮನೆಯವರು ಸೇರಿ ಒಂದೇ ಕಾರಿನಲ್ಲಿ ಮಕ್ಕಳನ್ನು ಬಿಟ್ಟು ಕರೆತರುವುದು ನಮ್ಮ ಕೊಡಗಿನಲ್ಲಿ ಜಾಸ್ತಿಯಾಗಿದೆ. ನಮ್ಮ ಗುಂಪಿನ ಇನ್ಸ್‌ಪೆಕ್ಟರ್ ಸರ್ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ನಿಮ್ಮ ಊರಿನ ಹೆಸರು ಹಾಕಿ ಕೇಳಿ.

ಮೂರ್ನಾಡು: ನಮಸ್ತೆ ಸರ್. ಐದು ಸೀಟಿನ ಕಾರು, ಆರು ಮಕ್ಕಳು. ಎಲ್ಲಾ ಸಣ್ಣವರು. ನಡೆಯುತ್ತಾ?

ಉತ್ತರ: ಇಲ್ಲ. ಓಡಿಸುವವರದ್ದು ಬಿಟ್ಟು ಎಷ್ಟು ಬೆಲ್ಟ್ ಇದೆಯೋ ಅಷ್ಟೇ ಮಕ್ಕಳು. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಕಾಯ್ದೆಯಲ್ಲಿ 1,000 ರೂಪಾಯಿ ದಂಡ.

ನಾಪೋಕ್ಲು: ಚಿಕ್ಕವನನ್ನು ಅವನ ಅಕ್ಕ ತೊಡೆ ಮೇಲೆ ಕೂರಿಸಿಕೊಂಡರೆ?

ಉತ್ತರ: 40 ಕಿ.ಮೀ. ವೇಗದ ಕಾರು ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂತಿಟ್ಟುಕೊಳ್ಳಿ. 15 ಕೆ.ಜಿ. ಮಗುವನ್ನು ಹಿಡಿದಿಡಲು ಸುಮಾರು 170 ಕೆ.ಜಿ. ಎತ್ತುವಷ್ಟು ಬಲ ಬೇಕು. ನಿಮ್ಮ ಮಗಳಿಗೆ ಆಗುತ್ತಾ?

ಸಿದ್ದಾಪುರ: ಸರ್, ನಾವು ಮೂರು ಮನೆಯವರು ಸರದಿಯಲ್ಲಿ ಕಾರು ತೆಗೆಯುತ್ತೇವೆ. ಪೆಟ್ರೋಲ್ ದುಡ್ಡು ವಸೂಲಿ ಮಾಡಬಹುದಾ? ಒಬ್ಬಳು ಎರಡನೇ ಕ್ಲಾಸಿನವಳು, ಮನೆ ತೋಟದ ಒಳಗೆ. ಗೇಟಿನಲ್ಲಿ ಇಳಿಸಿ ಹಾರ್ನ್ ಹಾಕಿದರೆ ಅವಳೇ ನಡೆದು ಹೋಗುತ್ತಾಳೆ. ಅದೇನೂ ತೊಂದರೆ ಇಲ್ಲ.

ಉತ್ತರ: ಪೆಟ್ರೋಲ್ ಆಮೇಲೆ. ನಿದ್ದೆ ಕೆಡಿಸುವುದು ನಿಮ್ಮ ಆ ಗೇಟು. ಸಿದ್ದಾಪುರದ ಸುತ್ತ ಹಗಲಲ್ಲೂ ಆನೆ ತೋಟದೊಳಗೇ ನಿಂತಿರುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳಲೇಬೇಡಿ. ಕಾಫಿ ಗಿಡಗಳ ನಡುವೆ ಪಕ್ಕದಲ್ಲಿದ್ದರೂ ದೊಡ್ಡವರಿಗೇ ಕಾಣುವುದಿಲ್ಲ, ಆ ಹುಡುಗಿಗೆ ಎಲ್ಲಿ ಕಾಣಬೇಕು? ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಮನೆಯವರಿಗೆ ನಿಮ್ಮ ಹಾರ್ನ್ ಕೇಳುವುದೂ ಇಲ್ಲ. ಆನೆ ಹತ್ತಿರವಿದ್ದರೆ ಹಾರ್ನ್ ಅದನ್ನು ಕೆಣಕಿದ ಹಾಗೆ.

ಮನೆಯವರು ಬಂದು ಕೈ ಹಿಡಿದುಕೊಳ್ಳುವವರೆಗೆ ಮಗು ಕಾರಿನಿಂದ ಇಳಿಯಬಾರದು. ದಾರಿ ಇದ್ದರೆ ಅಂಗಳದವರೆಗೆ ಹೋಗಿ. ಯಾರೂ ಬಾರದಿದ್ದರೆ ನಿಮ್ಮ ಮನೆಗೇ ಕರೆದುಕೊಂಡು ಹೋಗಿ. ತೋಟದಲ್ಲಿ ನೆಟ್‌ವರ್ಕ್ ನಂಬಬೇಡಿ, ಅಂಥ ದಿನ ಮಗು ಯಾರ ಮನೆಯಲ್ಲಿರುತ್ತದೆ ಅಂತ ಮೊದಲೇ ಮಾತಾಡಿಕೊಳ್ಳಿ. ಓಡಿಸುವವರು ಬದಲಾದರೆ ಶಾಲೆಗೂ ಮಗುವಿಗೂ ಬೆಳಿಗ್ಗೆಯೇ ಹೇಳಿ. ಕಾರು ಗೊತ್ತು ಅಂತ ಹತ್ತಬಾರದು, ಓಡಿಸುವವರ ಮುಖ ಗೊತ್ತಿರಬೇಕು. ಗೇಟು ರಸ್ತೆಯ ಯಾವ ಕಡೆ? ಬಲಗಡೆಯಾದರೆ ಅವಳು ಕಾರಿನ ಮರೆಯಿಂದ ರಸ್ತೆ ದಾಟುತ್ತಾಳೆ, ಎದುರು ಬರುವ ಗಾಡಿಗೆ ಕಾಣುವುದಿಲ್ಲ. ತಿಳಿಸಿ.

ಪೆಟ್ರೋಲ್: ಅವರವರ ಸರದಿಗೆ ಅವರವರೇ ಹಾಕಿಸಿ. ತಿಂಗಳಿಗೆ ಇಷ್ಟು ಅಂತ ವಸೂಲಿ ಮಾಡಿದರೆ ಅದು ಬಾಡಿಗೆ. ಬಿಳಿ ಬೋರ್ಡ್ ಗಾಡಿಗೆ ಅದಕ್ಕೆ ಪರ್ಮಿಟ್ ಇಲ್ಲ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು.

ಗೋಣಿಕೊಪ್ಪ: ಫಾರ್ವರ್ಡ್ ಬಂದದ್ದು 👇 ತಿರುವುಗಳಲ್ಲಿ ವಾಂತಿ ಆಗುವ ಮಗುವನ್ನು ಪೇಪರ್ ಮೇಲೆ ಕೂರಿಸಿ. ದೊಡ್ಡವರ ವಾಂತಿ ಮಾತ್ರೆ ಅರ್ಧ ಕೊಡಿ. ಮುಂದಿನ ಸೀಟಿನಲ್ಲಿ ಕೂರಿಸಿ. ಮಂಜಿದ್ದರೆ ಗ್ಲಾಸಿಗೆ ಹೊಗೆಸೊಪ್ಪು ಉಜ್ಜಿ. ಎಲ್ಲರಿಗೂ ಕಳಿಸಿ 🙏

ಉತ್ತರ: ಯಾರಿಗೂ ಕಳಿಸಬೇಡಿ. ಪೇಪರ್‌ನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಾತ್ರೆ ಅರ್ಧ ಮಾಡಿ ಕೊಡಲು ನೀವು ಡಾಕ್ಟರಾ? ಅದೂ ಬೇರೆಯವರ ಮಗುವಿಗೆ? ಮುಂದೆ ಕೂತ ಸಣ್ಣ ಮಗುವಿನ ಮುಖಕ್ಕೇ ಏರ್‌ಬ್ಯಾಗ್ ಹೊಡೆಯುತ್ತದೆ. ಗ್ಲಾಸಿನ ಒಳಗೆ ಮಬ್ಬು ಹಿಡಿದರೆ ಏಸಿ ಹಾಕಿ, ಗಾಳಿ ಗ್ಲಾಸಿನ ಕಡೆ ತಿರುಗಿಸಿ. ರಸ್ತೆಯಲ್ಲಿ ಮಂಜಿದ್ದರೆ ಲೈಟ್ ಡಿಮ್ ಇರಲಿ.

ಮಾದಾಪುರ: ಹೊಗೆಸೊಪ್ಪು ಕೆಲಸ ಮಾಡುತ್ತೆ ಮಾರಾಯ್ರೇ. ನಮ್ಮಪ್ಪ ಜೀಪಿಗೆ ಅದನ್ನೇ ಉಜ್ಜುತ್ತಿದ್ದರು.

ಕುಶಾಲನಗರ: ನಿಮ್ಮಪ್ಪನ ಜೀಪಿಗೆ ಏಸಿ ಇರಲಿಲ್ಲ ಅಣ್ಣ.

ಮಾದಾಪುರ: ಕುಶಾಲನಗರದಲ್ಲಿ ಕೂತವರು ನಮಗೆ ಮಂಜಿನ ಪಾಠ ಹೇಳಬೇಡಿ.

ಕುಶಾಲನಗರ: ಶಾಲೆ ಗೇಟಿಗೆ ಅಡ್ಡ ಕಾರು ನಿಲ್ಲಿಸಿ ಕಾಫಿ ರೇಟು ಮಾತಾಡುವವರು ನೀವೇ ಅಲ್ವಾ? ಹಿಂದೆ ಮಕ್ಕಳು ರಸ್ತೆ ಮಧ್ಯ ಇಳಿಯುತ್ತವೆ.

ಮಾದಾಪುರ: ಐದು ನಿಮಿಷ ನಿಂತರೆ ನಿಮ್ಮ ಗಂಟೇನು ಹೋಯಿತು?

ಸೋಮವಾರಪೇಟೆ: ಮಳೆಗೆ ರಜೆ ಅಂತ ಕಾರು ಹೊರಟ ಮೇಲೆ ಗೊತ್ತಾದರೆ ಮಕ್ಕಳನ್ನು ವಾಪಸ್ ಬಿಡುವುದು ಯಾರ ಜವಾಬ್ದಾರಿ?

ಮಾದಾಪುರ: ಅಡ್ಮಿನ್, ಇವರಿಗೆ ಸ್ವಲ್ಪ ಹೇಳಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ವಿರಾಜಪೇಟೆ: ಸರ್, ಐದು ಸೀಟಿಗೆ ಆರು ಸಣ್ಣ ಮಕ್ಕಳು ಆಗುತ್ತಾ?

ಉತ್ತರ: ಮೇಲೆ ಓದಿ.

ವಿರಾಜಪೇಟೆ: ಸಿಟ್ಟು ಯಾಕೆ ಸರ್, ಸುಮ್ನೆ ಕೇಳಿದೆ. ಮಗನಿಗೆ 17, ಚೆನ್ನಾಗಿ ಓಡಿಸುತ್ತಾನೆ. ಅವನೇ ಬಿಟ್ಟು ಬರಲಾ?

ಉತ್ತರ: ಸಿಕ್ಕಿಬಿದ್ದರೆ ಗಾಡಿ ಕೊಟ್ಟ ನಿಮಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. 2019ರ ತಿದ್ದುಪಡಿ. ಇನ್ನೂ ಸುಮ್ನೆ ಕೇಳುವುದಿದೆಯಾ?

ಸಿದ್ದಾಪುರ: ಸರ್, ಗೇಟು ಬಲಗಡೆ.

ಉತ್ತರ: ಮುಂದೆ ಅಗಲವಿರುವಲ್ಲಿ ತಿರುಗಿಸಿಕೊಂಡು ಬಂದು ಗೇಟಿನ ಬದಿಯಲ್ಲೇ ನಿಲ್ಲಿಸಿ. ಎಡಗಡೆ ಬಾಗಿಲಿನಿಂದ ಇಳಿಸಿ. ನಾಳೆಯಿಂದಲೇ.

ಸಿದ್ದಾಪುರ: ತಿರುಗಿಸಲು ಸುಮಾರು ದೂರ ಹೋಗಬೇಕು ಸರ್.

ಉತ್ತರ: ಹೋಗಿ.