ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಎಟಿವಿ: ಟೈಮಿಂಗ್ ತಪ್ಪಿದೆಯಾ?

ಪ್ರಶ್ನೆ (ಅಣ್ಣಿಗೇರಿ): ನಮಸ್ಕಾರ ಅಣ್ಣಾರ. ಹೊಲಕ್ಕಂತ ಸೆಕೆಂಡ್ ಹ್ಯಾಂಡ್ ಎಟಿವಿ (ನಾಲ್ಕು ಚಕ್ರದ, ಬೈಕಿನಂಥ ಗಾಡಿ) ತಗೊಂಡಿದ್ದೇನೆ. 200 ಸಿಸಿ, ಏರ್ ಕೂಲ್ಡ್. ಮೊದಲು ಟಿಕ್ ಟಿಕ್ ಸದ್ದು ಬರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಟ್ಯಾಪೆಟ್ (ವಾಲ್ವ್ ಗ್ಯಾಪ್ ಸರಿಮಾಡುವ ಸ್ಕ್ರೂ) ಟೈಟ್ ಮಾಡಿಕೊಟ್ಟರು, ಸದ್ದು ನಿಂತಿತು. ಆದರೆ ಈಗ ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲ್ಲ. ತಣ್ಣಗಾದ ಮೇಲೆ ಮಾತ್ರ ಆಗುತ್ತದೆ. ಟೈಮಿಂಗ್ (ಕಿಡಿ ಬೀಳುವ ಸಮಯ) ಸ್ವಲ್ಪ ಮುಂದಕ್ಕೆ ಇಡಬೇಕು ಅಂತಾರೆ. ಖರೇನಾ?

ಉತ್ತರ (ಮೆಕ್ಯಾನಿಕ್, ಹುಬ್ಬಳ್ಳಿ): ಟೈಮಿಂಗ್ ಮುಟ್ಟಬೇಡ್ರಿ. ಹಳೇ ರಾಜದೂತ್ ಬೈಕಿಗೆ ಕಿಡಿ ಕೊಡಿಸುವ ಪಾಯಿಂಟ್ ಸೆಟ್ ಇತ್ತು, ಹಿಂದೆ ಮುಂದೆ ಮಾಡುತ್ತಿದ್ದೆವು. ನಿಮ್ಮದರಲ್ಲಿ ಸಿಡಿಐ (ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಇರುತ್ತದೆ. ಕಿಡಿ ಯಾವಾಗ ಬೀಳಬೇಕು ಅನ್ನೋದನ್ನ ಮ್ಯಾಗ್ನೆಟ್ ಮತ್ತು ಪಲ್ಸರ್ ಕಾಯಿಲ್ ನೋಡಿಕೊಳ್ಳುತ್ತವೆ, ತಿರುಗಿಸೋಕೆ ಸ್ಕ್ರೂನೇ ಇರಲ್ಲ.

ನನಗೆ ಅನುಮಾನ ಟ್ಯಾಪೆಟ್ ಮೇಲೇ. ಸದ್ದು ನಿಲ್ಲಲಿ ಅಂತ ಅತಿ ಟೈಟ್ ಮಾಡಿದ್ದಾರೆ. ಎಂಜಿನ್ ಕಾದಾಗ ವಾಲ್ವ್ ಉದ್ದ ಆಗುತ್ತದೆ. ಗ್ಯಾಪ್ ಇಲ್ಲದಿದ್ದರೆ ಪೂರ್ತಿ ಮುಚ್ಚಿಕೊಳ್ಳಲ್ಲ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಸೋರುತ್ತದೆ, ಅದಕ್ಕೇ ಸ್ಟಾರ್ಟ್ ಆಗಲ್ಲ. ಹೀಗೇ ಓಡಿಸಿದರೆ ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್ಟೇ ವಾಸಿ.

ರಾತ್ರಿಯಿಡೀ ತಣ್ಣಗಾದ ಎಂಜಿನ್ ಮೇಲೆ ನೋಡಿ. ಪ್ಲಗ್ ಬಿಚ್ಚಿ. ಮ್ಯಾಗ್ನೆಟ್ ಕಡೆಯ ನಟ್‌ಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಮ್ಯಾಗ್ನೆಟ್ ಮೇಲಿನ 'ಟಿ' ಗುರುತು (ಪಿಸ್ಟನ್ ತುತ್ತತುದಿಗೆ ಬಂದಿದೆ ಅನ್ನೋ ಗುರುತು) ಕವರ್ ಮೇಲಿನ ಗುರುತಿಗೆ ತನ್ನಿ. ವಾಲ್ವ್ ಒತ್ತುವ ಎರಡೂ ರಾಕರ್ ಕೈಗೆ ಸ್ವಲ್ಪ ಅಲುಗಾಡಬೇಕು. ಆಮೇಲೆ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ. ಈ ಸೈಜಿನ ಎಷ್ಟೋ ಎಂಜಿನ್‌ಗಳಿಗೆ 0.05ರಿಂದ 0.10 ಮಿ.ಮೀ. ಇರುತ್ತದೆ, ಆದರೆ ನಿಮ್ಮ ಮಾಡೆಲ್ ಮ್ಯಾನ್ಯುಯಲ್‌ನಲ್ಲಿ ಇರುವುದೇ ಲೆಕ್ಕ.

ಪ್ರಶ್ನೆ: 'ಟಿ' ಗುರುತಿಗೆ ತಂದೆ. ಆದರೆ ರಾಕರ್ ಬಿಗಿಯಾಗೇ ಇವೆ. ಎಂಜಿನ್ ಒಳಗಿನ ಕ್ಯಾಮ್ ಚೈನ್ ಹಲ್ಲು ಹಾರಿದೆಯಾ?

ಉತ್ತರ: ಗಾಬರಿ ಬೇಡ. ಕ್ರ್ಯಾಂಕ್ ಎರಡು ಸುತ್ತಿದಾಗ ವಾಲ್ವ್ ತೆರೆಸುವ ಕ್ಯಾಮ್ ಒಂದು ಸುತ್ತುತ್ತದೆ. ನೀವು ಹೊಗೆ ಹೊರಹೋಗುವ ಸುತ್ತಿನಲ್ಲಿ ನಿಂತಿದ್ದೀರಿ. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಆಗಲೂ ಎಕ್ಸಾಸ್ಟ್ ರಾಕರ್ ಅಲುಗಾಡದಿದ್ದರೆ ಅದೇ ಟೈಟ್ ಇರುವುದು, ಗೇಜ್ ಸಂದಿಗೆ ಹೋಗಲ್ಲ. ಕ್ಯಾಮ್ ಸ್ಪ್ರಾಕೆಟ್ ಮೇಲಿನ ಗುರುತು ಹೆಡ್‌ನ ಗುರುತಿಗೆ ಕೂತಿದ್ದರೆ ಚೈನ್ ಸರಿ ಇದೆ ಅಂತ.

ಟ್ಯಾಪೆಟ್ ಸ್ಕ್ರೂ ತಿರುಗಿಸಿ ಗ್ಯಾಪ್ ಸರಿಮಾಡಿ. ಅದರ ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂನೂ ಜೊತೆಗೆ ತಿರುಗಿಬಿಡುತ್ತದೆ. ಹಾಗಾಗಿ ನಟ್ ಬಿಗಿ ಮಾಡಿದ ಮೇಲೆ ಗೇಜ್ ಇನ್ನೊಮ್ಮೆ ಹಾಕಿ. ಸ್ವಲ್ಪ ಎಳೆತದೊಂದಿಗೆ ಸರಿಯಬೇಕು.

ಪ್ರಶ್ನೆ: ಎಕ್ಸಾಸ್ಟ್‌ನಲ್ಲಿ ಗ್ಯಾಪೇ ಇರಲಿಲ್ಲ ನೋಡ್ರಿ! ಮ್ಯಾನ್ಯುಯಲ್ ಪ್ರಕಾರ ಇಟ್ಟೆ, ಬಿಸಿಯಲ್ಲೂ ಸ್ಟಾರ್ಟ್ ಆಗುತ್ತಿದೆ. ಏರ್ ಫಿಲ್ಟರ್ ಮಾತ್ರ ಕರ್ರಗಾಗಿದೆ. ಪೆಟ್ರೋಲ್‌ನಲ್ಲಿ ತೊಳೀಲಾ?

ಉತ್ತರ: ಬೇಡ. ಬೆಂಕಿ ಭಯ ಒಂದು ಕಡೆ, ಫೋಮ್ ಅಂಟಿಸಿದ ಗಮ್ಮೂ ಬಿಡುತ್ತದೆ. ಸೋಪಿನ ನೀರಲ್ಲಿ ಅದುಮಿ ತೊಳೆಯಿರಿ, ಬಟ್ಟೆ ಹಿಂಡಿದ ಹಾಗೆ ತಿರುಚಬೇಡಿ. ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಚ್ಚಿ, ಜಾಸ್ತಿಯಾದದ್ದು ಹಿಂಡಿ ತೆಗೀರಿ. ಎರಿ ಮಣ್ಣಿನ ಧೂಳು ಬೇಸಿಗೆಯಲ್ಲಿ ಹಿಟ್ಟಿನಂಥದು, ಒಣ ಫೋಮ್ ಅದನ್ನ ತಡೆಯಲ್ಲ. ಸಿಲಿಂಡರ್ ರೆಕ್ಕೆಗಳ ನಡುವೆ ಮಣ್ಣು ಒಣಗಿ ಕೂತಿದ್ದರೆ ಅದನ್ನೂ ತೆಗೀರಿ, ಇಲ್ಲ ಅಂದ್ರೆ ಎಂಜಿನ್ ಕಾಯುತ್ತದೆ.